ಊರಿನ ಹೆಸರಿಗೆ ಹೆದರುವವರು ಎಸಿ ಬಸ್ಸಿಗೆ ಏಕೆ ಹೆದರುವುದಿಲ್ಲ?

ಟಿಕೆಟ್ ಅಂಗಡಿಯವ, ಕಲಬುರಗಿ:

ಜಗತ್ ವೃತ್ತದ ಬಳಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಬಸ್ಸು, ರೈಲು, ವಿಮಾನ, ಉಮ್ರಾ (ಮೆಕ್ಕಾ ಯಾತ್ರೆ), ಎಲ್ಲವನ್ನೂ ಮಾಡಿಕೊಡುತ್ತೇನೆ. ಹೊಸ ರೋಗದ ಸುದ್ದಿ ಬಂದರೆ ಜನ ಡಾಕ್ಟರಿಗಿಂತ ಮೊದಲು ನನ್ನನ್ನೇ ಕೇಳುತ್ತಾರೆ: "ಹೋಗಬಹುದಾ?" ಅವರ ಲೆಕ್ಕಾಚಾರ ಮಾತ್ರ ನನಗೆ ಬಗೆಹರಿದಿಲ್ಲ.

2020ರ ಫೆಬ್ರುವರಿಯಲ್ಲಿ ಕೋವಿಡ್ ಭಯಕ್ಕೆ ಬ್ಯಾಂಕಾಕ್ ಪ್ರವಾಸ ರದ್ದು ಮಾಡಿಸಿದ ಕುಟುಂಬವೊಂದು ಅದೇ ವಾರ ಕಿಟಕಿ ತೆರೆಯದ ಎಸಿ ಬಸ್ಸಿನಲ್ಲಿ ಹೈದರಾಬಾದಿನ ಮದುವೆಗೆ ಹೋಯಿತು. ಫೆಬ್ರುವರಿ 27ರಂದು ಸೌದಿ ಸರ್ಕಾರ ಉಮ್ರಾ ಯಾತ್ರಿಕರ ಪ್ರವೇಶ ನಿಲ್ಲಿಸಿತು. ಹಣ ವಾಪಸ್ ಕೇಳಲು ಬಂದವರ ಮುಖದಲ್ಲಿ ಸಿಟ್ಟಿತ್ತೇ ಹೊರತು ಭಯವಿರಲಿಲ್ಲ. ಮಾರ್ಚ್ 10ರಂದು ನಮ್ಮೂರಿನ 76 ವರ್ಷದ ಹಿರಿಯರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು ಎಂದು 12ರಂದು ಖಚಿತವಾದದ್ದೇ ತಡ, ಕಲಬುರಗಿಯಿಂದ ಬಂದವರೆಂದು ನನ್ನ ಗಿರಾಕಿಯೊಬ್ಬರಿಗೆ ಬೆಂಗಳೂರಿನ ಲಾಡ್ಜೊಂದು ಕೋಣೆಯನ್ನೇ ಕೊಡಲಿಲ್ಲ. ಈಗ ಹೆಸರು ಕೆಟ್ಟದ್ದು ನಮ್ಮ ಊರಿನದು!

ಆಮೇಲೂ ಇದೇ ಕಥೆ. ಕೋಯಿಕ್ಕೋಡಿನಲ್ಲಿ ನಿಪಾ ಎಂಬ ಸುದ್ದಿಗೆ ಮುನ್ನಾರ್ ಟಿಕೆಟ್ ರದ್ದಾಗುತ್ತದೆ. ಇಂಥವರಿಗೆ ಏನು ಹೇಳಲಿ?

ಮೇಷ್ಟ್ರು, ಬೀದರ್:

ನಾನು ಮನಃಶಾಸ್ತ್ರ ಪಾಠ ಮಾಡುವವನು. ಪಾಲ್ ಸ್ಲೋವಿಕ್ ಎಂಬ ವಿದ್ವಾಂಸರು 1987ರಲ್ಲೇ ಇದನ್ನು ವಿವರಿಸಿದ್ದಾರೆ. ಅಪರಿಚಿತವಾದದ್ದು, ನಮ್ಮ ಹತೋಟಿಯಲ್ಲಿ ಇಲ್ಲದ್ದು, ಭೀಕರ ಸಾವನ್ನು ನೆನಪಿಸುವುದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೈದರಾಬಾದ್ ಬಸ್ಸು ಪರಿಚಿತ, ಚಾಲಕನೂ ಪರಿಚಿತ. ಆದ್ದರಿಂದ ಅಲ್ಲಿನ ಗಾಳಿಯೂ ನಮ್ಮದೇ ಎನಿಸುತ್ತದೆ.

ಶಹಾಪುರದವಳು:

ಮೇಷ್ಟ್ರೇ, ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಯಾದಗಿರಿ ಜಿಲ್ಲೆಗೆ ವಾಪಸಾದವರಲ್ಲಿ ನಮ್ಮ ಮನೆಯವರೂ ಇದ್ದರು. ಕಟ್ಟಡದ ಕೆಲಸ ನಿಂತಿತ್ತು, ಖೋಲಿಯ ಬಾಡಿಗೆ ನಿಂತಿರಲಿಲ್ಲ. ಗಾಡಿಯಲ್ಲಿ ಒತ್ತೊತ್ತಾಗಿ ಕುಳಿತರೆ ರೋಗ ಹತ್ತುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಹತ್ತಿದೆವು. ಊರಿನ ಶಾಲೆಯಲ್ಲಿ ಕ್ವಾರಂಟೈನ್ ಇಟ್ಟಾಗ ಬೇಲಿಯಾಚೆ ನಿಂತು ನೋಡುತ್ತಿದ್ದವರು ನಮ್ಮನ್ನು ತಿಳಿಗೇಡಿಗಳೆಂದರು. ಪ್ರವಾಸ ರದ್ದು ಮಾಡಲು ಆಗುವವರ ಭಯ ಬೇರೆ, ಹೊರಡದೆ ವಿಧಿಯಿಲ್ಲದವರದು ಬೇರೆ.

ನಿವೃತ್ತ ಆರೋಗ್ಯ ಸಹಾಯಕಿ, ಹುಮನಾಬಾದ್:

ತಂಗಿ ಹೇಳಿದ್ದು ನಿಜ. ನಾನು ಮನೆಮನೆ ಸುತ್ತಿದವಳು. ವಿದೇಶದಿಂದ ಬಂದವರು "ಏರ್‌ಪೋರ್ಟ್‌ನಲ್ಲಿ ಹಣೆಗೆ ಯಂತ್ರ ಹಿಡಿದು ಬಿಟ್ಟಿದ್ದಾರೆ" ಎಂದು ಸರ್ಟಿಫಿಕೇಟ್ ಸಿಕ್ಕವರಂತೆ ಹೇಳುತ್ತಿದ್ದರು. ಆ ಯಂತ್ರ ಹೇಳುವುದು ಆ ಗಳಿಗೆಯ ಮೈಬಿಸಿಯನ್ನಷ್ಟೇ. ಕೋವಿಡ್‌ನಲ್ಲಿ ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಬೇಕಾಗಬಹುದಿತ್ತು. ಕಲಬುರಗಿಯ ಆ ಹಿರಿಯರೂ ಫೆಬ್ರುವರಿ 29ರಂದು ಹೈದರಾಬಾದ್ ವಿಮಾನ ನಿಲ್ದಾಣದ ತಪಾಸಣೆ ದಾಟಿಯೇ ಬಂದಿದ್ದರು, ಆಗ ಅವರಿಗೆ ಯಾವ ಲಕ್ಷಣವೂ ಇರಲಿಲ್ಲ.

ಟಿಕೆಟ್ ಅಣ್ಣಾ, ಮೊದಲು ರೋಗ ಹೇಗೆ ಹರಡುತ್ತದೆಂದು ಕೇಳಿ ತಿಳಿದುಕೊಳ್ಳಿ. ನಿಪಾ ಬರುವುದು ಬಾವಲಿ ಕಚ್ಚಿದ ಹಣ್ಣಿನಿಂದ, ರೋಗಿಯ ತೀರ ಹತ್ತಿರದ ಸಂಪರ್ಕದಿಂದ. ಮುನ್ನಾರ್‌ನ ಚಹಾ ತೋಟ ನೋಡುವುದರಿಂದಲ್ಲ. ಗಾಳಿಯಲ್ಲಿ ಹರಡುವ ರೋಗವಾದರೆ ಮುಚ್ಚಿದ ಜಾಗದಲ್ಲಿ ಎಷ್ಟು ಹೊತ್ತು ಕೂರುತ್ತೀರಿ, ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದಾರೆಯೇ ಎಂದು ಕೇಳಿ.

ಟಿಕೆಟ್ ಅಂಗಡಿಯವ, ಕಲಬುರಗಿ:

ಕೇಳುತ್ತೇನೆ, ಅಕ್ಕಾ. ಶಹಾಪುರದ ತಂಗಿಯ ಮಾತಿಗೆ ನನ್ನ ಕೌಂಟರಿನಿಂದ ಒಂದು ಸಾಕ್ಷಿ: ಪೂರ್ತಿ ಹಣ ವಾಪಸ್ ಎಂದರೆ ಗಿರಾಕಿಗೆ ಕೂಡಲೇ ರೋಗದ ಭಯ ಹುಟ್ಟುತ್ತದೆ. ಅರ್ಧ ಕಡಿತ ಎಂದರೆ "ಏನಾಗುವುದಿಲ್ಲ ಬಿಡಿ" ಎಂದು ಟಿಕೆಟ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಮೇಷ್ಟ್ರೇ, ಇದಕ್ಕೂ ನಿಮ್ಮ ಶಾಸ್ತ್ರದಲ್ಲಿ ಹೆಸರಿದೆಯೇ?