ಉಬುಂಟುವಿನಲ್ಲಿ ಕಸ ತುಂಬಿದೆ, ನೀವು ಹೇಗೆ ತೆಗೆಯುತ್ತೀರಿ?

ಕೇಳಿದವರು: ನನ್ನದು ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್). 120 ಜಿಬಿ ಎಸ್‌ಎಸ್‌ಡಿಯಲ್ಲಿ ಉಳಿದಿರುವುದು 3 ಜಿಬಿ. ಫೋಟೋ, ಸಿನಿಮಾ ಯಾವುದೂ ಇಟ್ಟಿಲ್ಲ. ನಿಮ್ಮ ಅನುಭವ ಹೇಳಿ.

ತುಮಕೂರಿನವ: ಗೊತ್ತಿಲ್ಲದ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಮುಟ್ಟಬೇಡಿ. ನಾನು ಕೋಡ್ ಬರೆಯುವವನಲ್ಲ, ಪೈಥಾನ್ 3 (ಕೋಡ್ ಬರೆಯುವ ಭಾಷೆ) ಯಾಕೆ ಅಂತ ತೆಗೆಯಲು ಹೋದೆ. ಜೊತೆಗೆ ಏನೇನು ಹೋಗುತ್ತದೆ ಅಂತ ಉದ್ದ ಪಟ್ಟಿ ತೋರಿಸಿತು. ಓದದೆ ವೈ (ಹೌದು) ಒತ್ತಿದೆ. ಡೆಸ್ಕ್‌ಟಾಪೇ ಹೋಯಿತು. ರಾತ್ರಿ ಹತ್ತರಿಂದ ಮೂರರವರೆಗೆ ಕೂತೆ. 450 ರೂಪಾಯಿ ಕೊಟ್ಟು ಪೆನ್‌ಡ್ರೈವ್ ತಂದು ಹೊಸದಾಗಿ ಹಾಕಿದೆ. ಗಡಿಬಿಡಿಯಲ್ಲಿ ಹೋಮ್ (ನನ್ನ ಫೈಲ್‌ಗಳಿರುವ ಫೋಲ್ಡರ್) ಸಮೇತ ಫಾರ್ಮ್ಯಾಟ್ ಮಾಡಿ ಅಂಗಡಿಯ ಎರಡು ವರ್ಷದ ಲೆಕ್ಕ ಕಳೆದುಕೊಂಡೆ. ಅದು ಇವತ್ತಿಗೂ ಉರಿಯುತ್ತದೆ. ಈಗ ತಿಂಗಳಿಗೊಮ್ಮೆ ಬೇಡದ ಪ್ಯಾಕೇಜ್ ತೆಗೆಯಲು ಆಪ್ಟ್ ಆಟೋರಿಮೂವ್, ಇಳಿಸಿಕೊಂಡ ಪ್ಯಾಕೇಜ್ ಫೈಲ್ ಅಳಿಸಲು ಆಪ್ಟ್ ಕ್ಲೀನ್ ಕಮಾಂಡ್. ಅಷ್ಟೇ ಸಾಕು.

ಮೈಸೂರಿನವಳು: ಸಾಕಾಗಲ್ಲ. ಆಟೋರಿಮೂವ್‌ನಿಂದ ನನಗೆ ಸಿಕ್ಕಿದ್ದು 600 ಎಂಬಿ. ಆಮೇಲೆ ಗಾತ್ರ ತೋರಿಸುವ ಡಿಯು ಕಮಾಂಡ್ ಹಾಕಿ ಒಂದೊಂದೇ ಫೋಲ್ಡರ್ ನೋಡಿದೆ. ಜರ್ನಲ್ (ಸಿಸ್ಟಮ್‌ನ ದಾಖಲೆ) ಒಂದೇ 3.9 ಜಿಬಿ! ವೈಫೈ ಡ್ರೈವರ್ ಒಂದೇ ಎರರ್ ಅನ್ನು ಬಿಡದೆ ಬರೆಯುತ್ತಿತ್ತು. ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ವ್ಯಾಕ್ಯೂಮ್ ಸೈಜ್ 200 ಎಂ ಕೊಟ್ಟು 200 ಎಂಬಿಗೆ ಇಳಿಸಿದೆ. ಅದರ ಸೆಟ್ಟಿಂಗ್ ಫೈಲ್ ಜರ್ನಲ್‌ಡಿ ಕಾನ್ಫ್‌ನಲ್ಲೂ ಅದೇ ಮಿತಿ ಹಾಕಿದೆ, ಇಲ್ಲದಿದ್ದರೆ ಮತ್ತೆ ಬೆಳೆಯುತ್ತದೆ. ಸ್ನ್ಯಾಪ್ (ಉಬುಂಟುವಿನಲ್ಲಿ ಆ್ಯಪ್ ಹಾಕುವ ಇನ್ನೊಂದು ವಿಧಾನ) ಹಳೆಯ ಆವೃತ್ತಿಯನ್ನೂ ಇಟ್ಟುಕೊಳ್ಳುತ್ತದೆ. 22.04ರಲ್ಲಿ ಫೈರ್‌ಫಾಕ್ಸ್ ಕೂಡ ಸ್ನ್ಯಾಪೇ ಅಲ್ವಾ, ಅದೂ ಎರಡೆರಡು ಇತ್ತು.

ಮಿಂಟ್ ಬಳಕೆದಾರ: ಸ್ನ್ಯಾಪೇ ಬೇಡ. 2020ರಲ್ಲಿ ಉಬುಂಟು ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 20 ಅದನ್ನು ತಡೆಹಿಡಿಯಿತು, ನಾನು ಅವತ್ತೇ ಬದಲಾಯಿಸಿದೆ. ಈಗ ನೆಮ್ಮದಿ.

ಮೈಸೂರಿನವಳು: ಸಿಸ್ಟಮ್‌ನ ಸ್ನ್ಯಾಪ್‌ಶಾಟ್ (ನಕಲು) ಇಡುವ ಟೈಮ್‌ಶಿಫ್ಟ್ ಡಿಸ್ಕ್ ತುಂಬಿಸಿತು ಅಂತ ಹೋದ ತಿಂಗಳು ನೀವೇ ಇಲ್ಲಿ ಬರೆದಿದ್ದಿರಿ. ನೆಮ್ಮದಿ ಅಂತ ಹೊಸಬರಿಗೆ ಹೇಳಬೇಡಿ.

ಮಿಂಟ್ ಬಳಕೆದಾರ: ಅದು ನಾನು ಹೋಮ್ ಸೇರಿಸಿ ದಿನಕ್ಕೊಂದು ಸ್ನ್ಯಾಪ್‌ಶಾಟ್ ಇಟ್ಟಿದ್ದರಿಂದ. 22 ಜಿಬಿ ಹೋಗಿತ್ತು, ಒಪ್ಪುತ್ತೇನೆ. ಆದರೆ ಅಪ್‌ಡೇಟ್ ಕೆಟ್ಟಾಗ ಹತ್ತು ನಿಮಿಷದಲ್ಲಿ ಹಿಂದಕ್ಕೆ ಬಂದಿದ್ದೂ ಅದರಿಂದಲೇ. ನಿಮ್ಮ ಹತ್ತಿರ ಏನಿದೆ?

ಮೈಸೂರಿನವಳು: ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ಇದೆ. ಅದೇ ಡಿಸ್ಕ್‌ನಲ್ಲಿ ಇಟ್ಟರೆ ಡಿಸ್ಕ್ ಹೋದ ದಿನ ಎರಡೂ ಹೋಗುತ್ತದೆ.

ತುಮಕೂರಿನವ: ಜಗಳ ಬಿಡಿ. ಹಳೆಯ ಕರ್ನಲ್ (ಸಿಸ್ಟಮ್‌ನ ತಿರುಳು) ಒಂದಾದರೂ ಇಟ್ಟುಕೊಳ್ಳಿ. ಹೊಸದು ಬೂಟ್ ಆಗದಿದ್ದಾಗ ನನ್ನನ್ನು ಕಾಪಾಡಿದ್ದು ಅದೇ.

ಮಿಂಟ್ ಬಳಕೆದಾರ: ಆಟೋರಿಮೂವ್ ತಾನೇ ಹಿಂದಿನದೊಂದನ್ನು ಉಳಿಸುತ್ತದೆ. ಸುಮ್ನೆ ಹೆದರಿಸಬೇಡಿ.

ಕೇಳಿದವರು: ನನ್ನ ಜರ್ನಲ್ ಬರೀ 80 ಎಂಬಿ. ಡಿಯು ಹಾಕಿದರೆ ವಾರ್ ಲಿಬ್ (/var/lib) ಒಳಗೆ ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) 58 ಜಿಬಿ ತೋರಿಸುತ್ತಿದೆ. ಕಲಿಯಲು ಹಾಕಿದ್ದೆ.

ತುಮಕೂರಿನವ: ಫೋಲ್ಡರ್ ಅನ್ನು ಕೈಯಿಂದ ಅಳಿಸಬೇಡಿ! ಬಳಸದ್ದನ್ನು ಅಳಿಸುವ ಡಾಕರ್ ಸಿಸ್ಟಮ್ ಪ್ರೂನ್ ಕಮಾಂಡ್ ಹಾಕಿ. ಅದು ಕೇಳುವ ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ವೈ ಒತ್ತಿ.