ಮುಂಬಯಿಯ ಸೆಕೆಯಲ್ಲಿ ಕಸ್ಟಮ್ ವಾಟರ್ ಕೂಲಿಂಗ್: ನನ್ನ ಯೋಜನೆ ಸರಿಯಿದೆಯೇ?

ಡೊಂಬಿವಲಿ_ಧ್ವನಿ:

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯ ಮನೆಯಿಂದಲೇ ಅನಿಮೇಶನ್ ಕೆಲಸ ಮಾಡುತ್ತೇನೆ. ಕನ್ನಡ ನಿರೂಪಣೆಗಳ ಧ್ವನಿಮುದ್ರಣವೂ ಅದೇ ಕೋಣೆಯಲ್ಲಿ ನಡೆಯುತ್ತದೆ. ಕೋಣೆ 10 ಅಡಿಗೆ 11 ಅಡಿ ಇದೆ. ಯಂತ್ರದಲ್ಲಿ ರೈಜನ್ 9 7950ಎಕ್ಸ್ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಇವೆ. ರೆಂಡರ್, ಎಂದರೆ ದೃಶ್ಯಗಳನ್ನು ಅಂತಿಮ ಚಿತ್ರಗಳಾಗಿಸುವ ಲೆಕ್ಕಾಚಾರ, ಆರಂಭವಾಯಿತೆಂದರೆ ಫ್ಯಾನುಗಳ ಮೊರೆತ ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಮುದ್ರಣದ ವೇಳೆ ಎಸಿಯನ್ನೂ ಆರಿಸಬೇಕಾಗುವುದರಿಂದ, ಮೇ ತಿಂಗಳಲ್ಲಿ ಕೋಣೆಯ ಉಷ್ಣತೆ 33 ಡಿಗ್ರಿಯವರೆಗೆ ಏರುತ್ತದೆ.

ಆದ್ದರಿಂದ ಬಿಡಿಭಾಗಗಳನ್ನು ನಾನೇ ಜೋಡಿಸಿ, ನೀರು ಹರಿಸಿ ಯಂತ್ರವನ್ನು ತಂಪಾಗಿಡಬೇಕೆಂದಿದ್ದೇನೆ. ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ನೀರಿನ ಬಿಸಿಯನ್ನು ಫ್ಯಾನುಗಳ ಗಾಳಿಗೆ ಬಿಡುವ ಒಂದು 360 ಮಿ.ಮೀ. ರೇಡಿಯೇಟರ್, ಡಿ5 ಎಂಬ ಮಾದರಿಯ ಒಂದು ಪಂಪ್, ಪ್ರೊಸೆಸರ್ ಮತ್ತು ಕಾರ್ಡು ಎರಡಕ್ಕೂ ಅವುಗಳ ಬಿಸಿಯನ್ನು ನೀರಿಗೆ ದಾಟಿಸುವ ವಾಟರ್ ಬ್ಲಾಕ್, ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಗಟ್ಟಿ ಟ್ಯೂಬು, ಇದು ನನ್ನ ಯೋಜನೆ. ಒಂದು ರೇಡಿಯೇಟರ್ ಸಾಕಾಗುತ್ತದೆಯೇ? ಪ್ರೊಸೆಸರಿನಿಂದ ಹೊರಟ ಬಿಸಿ ನೀರು ನೇರವಾಗಿ ಕಾರ್ಡಿಗೆ ಹೋದರೆ ತೊಂದರೆಯೇ? ಮಳೆಗಾಲದಲ್ಲಿ ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆ ಟ್ಯೂಬುಗಳ ಮೇಲೂ ಹನಿಗಟ್ಟೀತೆಂಬ ಭಯವೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಮುಲುಂಡ್_ಪಶ್ಚಿಮ:

ನಮಸ್ಕಾರ. ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಭಯ ನಮ್ಮ ಊರಿನ ಅನೇಕರಿಗಿದೆ. ರೇಡಿಯೇಟರ್ ನೀರಿನ ಬಿಸಿಯನ್ನು ಕೋಣೆಯ ಗಾಳಿಗೆ ಬಿಟ್ಟುಕೊಡುತ್ತದೆಯೇ ಹೊರತು, ನೀರನ್ನು ಆ ಗಾಳಿಗಿಂತ ತಣ್ಣಗೆ ಮಾಡಲಾರದು. ಲೋಟದ ಮೇಲೆ ಹನಿ ಕಾಣುವುದು ಲೋಟವು ಸುತ್ತಲಿನ ಗಾಳಿಗಿಂತ ಸಾಕಷ್ಟು ತಣ್ಣಗಿರುವಾಗ ಮಾತ್ರ. ಯಂತ್ರ ಓಡುತ್ತಿರುವಷ್ಟು ಹೊತ್ತು ನಿಮ್ಮ ಟ್ಯೂಬುಗಳು ಗಾಳಿಗಿಂತ ಬೆಚ್ಚಗೇ ಇರುತ್ತವೆ. ಆದ್ದರಿಂದ ಜುಲೈ ತಿಂಗಳ ತೇವದಲ್ಲಿಯೂ ಹನಿಗಟ್ಟುವುದಿಲ್ಲ. ಫ್ರಿಜ್ಜಿನಂತೆ ಕೆಲಸ ಮಾಡುವ ಚಿಲ್ಲರ್ ಅಳವಡಿಸಿದವರು ಮಾತ್ರ ಆ ಚಿಂತೆ ಮಾಡಬೇಕು.

ಆದರೆ ಇದೇ ನಿಯಮ ನಿಮ್ಮ ಮೊದಲ ಪ್ರಶ್ನೆಗೆ ಅಷ್ಟು ಸಿಹಿಯಾದ ಉತ್ತರ ಕೊಡುವುದಿಲ್ಲ. 4090 ಕಾರ್ಡು ಪೂರ್ಣ ಹೊರೆಯಲ್ಲಿ 450 ವ್ಯಾಟ್ ವರೆಗೆ ಸೆಳೆಯುತ್ತದೆ. 7950ಎಕ್ಸ್ ಪ್ರೊಸೆಸರಿಗೆ ತಯಾರಕರು ಇಟ್ಟಿರುವ ಮಿತಿ 230 ವ್ಯಾಟ್. ಎರಡೂ ಒಟ್ಟಿಗೆ ತುತ್ತತುದಿಗೆ ಹೋಗುವುದು ಅಪರೂಪವೆಂದುಕೊಂಡು 600 ವ್ಯಾಟ್ ಎಂದೇ ಲೆಕ್ಕ ಹಾಕೋಣ. ಫ್ಯಾನುಗಳನ್ನು ಸದ್ದಿಲ್ಲದ ವೇಗದಲ್ಲಿ ಓಡಿಸಿದಾಗ ರೇಡಿಯೇಟರಿನ ಪ್ರತಿ 120 ಮಿ.ಮೀ. ಭಾಗವು ಸುಮಾರು 100 ವ್ಯಾಟ್ ಬಿಸಿಯನ್ನು ಹೊರಹಾಕುತ್ತದೆ, ಆಗ ನೀರು ಕೋಣೆಗಿಂತ 10 ಡಿಗ್ರಿಯಷ್ಟು ಬೆಚ್ಚಗಿರುತ್ತದೆ ಎಂಬುದು ಈ ಹವ್ಯಾಸಿಗಳ ಸ್ಥೂಲ ಲೆಕ್ಕ. ಅಂದರೆ ನಿಮಗೆ ಇಂತಹ ಆರು ಭಾಗಗಳು, ಎಂದರೆ ಎರಡು 360 ರೇಡಿಯೇಟರುಗಳು ಬೇಕು. ಒಂದೇ ಇಟ್ಟರೆ ನೀರು ಕೋಣೆಗಿಂತ 20 ಡಿಗ್ರಿ ಮೇಲಕ್ಕೆ ಹೋಗಿ 53ರ ಹತ್ತಿರ ನಿಲ್ಲುತ್ತದೆ, ಇಲ್ಲವೇ ಫ್ಯಾನುಗಳು ಮತ್ತೆ ಮೊರೆಯುತ್ತವೆ. ಡಿ5 ಪಂಪಿಗೆ ಹೇಳಿರುವ ನೀರಿನ ಗರಿಷ್ಠ ಉಷ್ಣತೆ 60 ಡಿಗ್ರಿ. ಪಿಇಟಿಜಿ ಟ್ಯೂಬೂ ಅದರ ಆಸುಪಾಸಿನಲ್ಲೇ ಮೆತ್ತಗಾಗತೊಡಗಿ ಫಿಟ್ಟಿಂಗಿನಿಂದ ಜಾರಬಹುದು. ಚಳಿನಾಡಿನವರು ವಿಡಿಯೋಗಳಲ್ಲಿ 20 ಡಿಗ್ರಿಯ ಕೋಣೆಯಲ್ಲಿ ಕುಳಿತು ಒಂದೇ ಸಾಕೆನ್ನುವುದನ್ನು ಇಲ್ಲಿ ನಂಬಬೇಡಿರಿ.

ಜೋಡಣೆಯ ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮಿಷಕ್ಕೆ 1 ಲೀಟರ್ ಹರಿಯುವ ನೀರಿನ ಉಷ್ಣತೆ 1 ಡಿಗ್ರಿ ಏರಲು ಸುಮಾರು 70 ವ್ಯಾಟ್ ಬೇಕು. ನಿಮಿಷಕ್ಕೆ 3 ಲೀಟರ್ ಹರಿದರೆ ಇಡೀ 600 ವ್ಯಾಟ್ ಸೇರಿದರೂ ನೀರು ಹರಿಯುವ ಸುತ್ತಿನ ಒಂದು ತುದಿಗೂ ಇನ್ನೊಂದು ತುದಿಗೂ 3 ಡಿಗ್ರಿಯಷ್ಟೂ ಅಂತರವಿರುವುದಿಲ್ಲ. ನೀರು ತುಂಬಿಡುವ ತೊಟ್ಟಿ, ಎಂದರೆ ರಿಸರ್ವಾಯರ್, ಪಂಪಿಗಿಂತ ಮೊದಲು ಮತ್ತು ಅದಕ್ಕಿಂತ ಎತ್ತರದಲ್ಲಿ ಇರಲಿ. ಪಂಪು ಒಣಗಿ ಓಡಬಾರದು, ಅಷ್ಟೇ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಬೇಕು. 600 ವ್ಯಾಟ್ ಬಿಸಿ ನೀರಿನ ಮೂಲಕ ಹೋದರೂ ಗಾಳಿಯ ಮೂಲಕ ಹೋದರೂ ಸೇರುವುದು ನಿಮ್ಮ ಕೋಣೆಗೇ. ಒಂದು ಟನ್ನಿನ ಎಸಿ ಹೊರಹಾಕುವುದು ಸುಮಾರು 3500 ವ್ಯಾಟ್. ನಿಮ್ಮ ಯಂತ್ರವೊಂದೇ ಅದರ ಆರನೆಯ ಒಂದು ಭಾಗವನ್ನು ತಿನ್ನುತ್ತದೆ. ಎಸಿ ಆರಿಸಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ರೆಂಡರ್ ಮಾಡಿದರೆ ಗಾಳಿಯೂ, ಅದರ ಹಿಂದೆಯೇ ನೀರೂ ಏರುತ್ತ ಹೋಗುತ್ತವೆ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಪ್ರೊಸೆಸರಿನ ವಿದ್ಯುತ್ ಬಳಕೆಯನ್ನು ಇಳಿಸುವ 105 ವ್ಯಾಟಿನ ಇಕೋ ಮೋಡ್ ಹಾಕಿ, ಕಾರ್ಡಿನ ವಿದ್ಯುತ್ ಮಿತಿಯನ್ನು 70 ಪ್ರತಿಶತಕ್ಕೆ ಇಳಿಸಿ ಒಂದು ವಾರ ಕೆಲಸ ಮಾಡಿ ನೋಡಿರಿ. ರೆಂಡರ್ ಸ್ವಲ್ಪ ನಿಧಾನವಾಗುತ್ತದೆ. ಆದರೆ ಬಿಸಿ ಮತ್ತು ಸದ್ದು ಇಳಿಯುವ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚು.

ಡೊಂಬಿವಲಿ_ಧ್ವನಿ:

ಬಹಳ ಉಪಕಾರವಾಯಿತು. ಮಿತಿಗಳನ್ನು ಇಳಿಸಿ ನೋಡಿದೆ. ಸದ್ದು ಕಡಿಮೆಯಾಗಿದೆ, ಆದರೆ ಮೈಕಿಗೆ ಇನ್ನೂ ಕೇಳಿಸುತ್ತಿದೆ. ಆದ್ದರಿಂದ ಎರಡು ರೇಡಿಯೇಟರುಗಳ ದಾರಿಯನ್ನೇ ಹಿಡಿಯುತ್ತೇನೆ. ಮುಂಬಯಿಯ ಕಂಪ್ಯೂಟರ್ ಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಿದಾಗ ಕಡಿಮೆ ಬೆಲೆಗೆ ಅಲ್ಯೂಮಿನಿಯಂ ರೇಡಿಯೇಟರುಗಳನ್ನು ತೋರಿಸಿದರು. ತೆಗೆದುಕೊಳ್ಳಬಹುದೇ?

ಪುಣೆ_ಕೊಥ್ರೂಡ್:

ದಯವಿಟ್ಟು ತೆಗೆದುಕೊಳ್ಳಬೇಡಿರಿ. ನಾನು ಮಾಡಿದ ತಪ್ಪು ಇದೇ. ಅಂಗಡಿಯವರು ಯಾವುದಾದರೂ ನಡೆಯುತ್ತದೆ ಎಂದದ್ದನ್ನು ನಂಬಿ, ತಾಮ್ರದ ಬ್ಲಾಕಿನೊಂದಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿದೆ. ಏಳನೆಯ ತಿಂಗಳಲ್ಲಿ ಪ್ರೊಸೆಸರಿನ ಉಷ್ಣತೆ ದಿನೇ ದಿನೇ ಏರತೊಡಗಿತು. ಬಿಚ್ಚಿ ನೋಡಿದರೆ ಬ್ಲಾಕಿನ ಕೂದಲೆಳೆಯಂತಹ ಸೀಳುಗಳ ತುಂಬ ಬಿಳಿಯ ಗಷ್ಟು ಕಟ್ಟಿಕೊಂಡಿತ್ತು. ಎರಡು ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ಸೇರಿದಾಗ ಅದು ಬ್ಯಾಟರಿಯಂತೆ ವರ್ತಿಸುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಆ ರೇಡಿಯೇಟರನ್ನು ಎಸೆದೆ, ಬ್ಲಾಕನ್ನು ಹಲ್ಲುಜ್ಜುವ ಮೃದು ಬ್ರಶ್ಶಿನಿಂದ ಎರಡು ದಿನ ತಿಕ್ಕಿ ಉಳಿಸಿಕೊಂಡೆ. ತಾಮ್ರ, ಹಿತ್ತಾಳೆ, ನಿಕಲ್ ಲೇಪನ, ಇಷ್ಟರೊಳಗೇ ಇರಿ. ಹೊಸ ತಾಮ್ರದ ರೇಡಿಯೇಟರಿನಲ್ಲಿಯೂ ಬೆಸುಗೆಯ ಅಂಟು ಉಳಿದಿರುತ್ತದೆ. ಬಿಸಿಯಾದ ಡಿಸ್ಟಿಲ್ಡ್ ನೀರು ತುಂಬಿ, ಅಲುಗಾಡಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು.

ನೀರಿನ ವಿಷಯದಲ್ಲಿಯೂ ಜಾಗ್ರತೆ ಬೇಕು. ಆರ್‌ಒ ನೀರು ಡಿಸ್ಟಿಲ್ಡ್ ನೀರಲ್ಲ. ನಿಮ್ಮ ಇಡೀ ಸುತ್ತಿನಲ್ಲಿ ಹಿಡಿಯುವುದು ಹೆಚ್ಚೆಂದರೆ ಒಂದು ಲೀಟರ್. ಪಾಚಿ ಮತ್ತು ಸವೆತ ಎರಡನ್ನೂ ತಡೆಯುವ, ಬಣ್ಣವಿಲ್ಲದ ಸಿದ್ಧ ಕೂಲೆಂಟನ್ನೇ (ತಂಪುಗೊಳಿಸುವ ದ್ರವವನ್ನೇ) ಕೊಂಡುಕೊಳ್ಳಿರಿ. ಹಾಲಿನಂತೆ ಮಸುಕಾದ ಬಣ್ಣದವು ಚಿತ್ರಕ್ಕೆ ಚೆಂದ, ಆದರೆ ಅವುಗಳ ಕಣಗಳು ಅದೇ ಸೀಳುಗಳಲ್ಲಿ ಕುಳಿತುಬಿಡುತ್ತವೆ. ಗಟ್ಟಿ ಟ್ಯೂಬಿನ ಬದಲು ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬು ಹಾಕಿದರೆ ಬಾಗಿಸಲು ಬಿಸಿಗಾಳಿಯ ಯಂತ್ರ ಬೇಕಿಲ್ಲ, ಸೆಕೆಗೂ ಅದು ಜಗ್ಗುವುದಿಲ್ಲ.

ಬ್ಲಾಕನ್ನು ಕೊಳ್ಳುವ ಮೊದಲು ನಿಮ್ಮ ಕಾರ್ಡು ಯಾವ ತಯಾರಕರ ಯಾವ ಮಾದರಿ ಎಂಬುದನ್ನು ಬ್ಲಾಕಿನ ಪಟ್ಟಿಯೊಂದಿಗೆ ತಾಳೆ ನೋಡಿರಿ. 4090 ಎಂಬ ಹೆಸರೊಂದೇ ಸಾಲದು, ಒಳಗಿನ ಬೋರ್ಡು ಒಂದೊಂದರಲ್ಲಿ ಒಂದೊಂದು ತೆರನಾಗಿರುತ್ತದೆ. ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಏನಾಗುತ್ತದೆಂಬುದನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

ಪಣಜಿ_ಕನ್ನಡಿಗ:

ಸೋರಿಕೆಯ ಪರೀಕ್ಷೆಯನ್ನು ಯಾರೂ ಹೇಳಲಿಲ್ಲ. ನೀರು ತುಂಬುವ ಮೊದಲು ಗಾಳಿಯೊತ್ತಡದ ಮಾಪಕದಿಂದ ಅರ್ಧ ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಮುಳ್ಳನ್ನು ಗಮನಿಸಿರಿ. ಅನಂತರ ಮದರ್‌ಬೋರ್ಡಿಗೂ ಕಾರ್ಡಿಗೂ ವಿದ್ಯುತ್ ಕೊಡದೆ, ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಪಂಪನ್ನಷ್ಟೇ ಓಡಿಸಿ, ಪ್ರತಿ ಫಿಟ್ಟಿಂಗಿನ ಕೆಳಗೆ ಟಿಶ್ಯೂ ಕಾಗದವಿಟ್ಟು ಒಂದು ಹಗಲು ಒಂದು ರಾತ್ರಿ ಬಿಡಿರಿ. ಅತ್ಯಂತ ಕೆಳಗಿನ ಜಾಗದಲ್ಲಿ ನೀರು ಬಸಿಯುವ ಒಂದು ಕವಾಟವಿರಲಿ. ಅದಿಲ್ಲದೆ ಮೊದಲ ವರ್ಷ ಕೂಲೆಂಟ್ ಬದಲಿಸುವಾಗ ನಾನು ಇಡೀ ಕ್ಯಾಬಿನೆಟ್ಟನ್ನು ಬಚ್ಚಲಿಗೆ ಹೊತ್ತು ಮಗುಚಬೇಕಾಯಿತು. ಫ್ಯಾನುಗಳ ವೇಗವನ್ನು ಪ್ರೊಸೆಸರಿನ ಉಷ್ಣತೆಗೆ ಕಟ್ಟದೆ, ಸೆನ್ಸರ್ ಹಾಕಿ ನೀರಿನ ಉಷ್ಣತೆಗೆ ಕಟ್ಟಿರಿ. ನೀರು ನಿಧಾನವಾಗಿ ಏರಿಳಿಯುವುದರಿಂದ ಫ್ಯಾನು ಕ್ಷಣಕ್ಕೊಮ್ಮೆ ದನಿ ಬದಲಿಸುವುದಿಲ್ಲ. ಧ್ವನಿಮುದ್ರಣ ಮಾಡುವವರಿಗೆ ಇದು ಬಹಳ ಮುಖ್ಯ.

ಡೊಂಬಿವಲಿ_ಧ್ವನಿ:

ಎಲ್ಲರಿಗೂ ಧನ್ಯವಾದಗಳು. ನನ್ನ ಕಾರ್ಡಿನ ಮಾದರಿ ಬ್ಲಾಕಿನ ಪಟ್ಟಿಯಲ್ಲಿದೆ. ಮುಂಭಾಗಕ್ಕೊಂದು ಮೇಲ್ಭಾಗಕ್ಕೊಂದು ತಾಮ್ರದ ರೇಡಿಯೇಟರ್, ರಬ್ಬರ್ ಟ್ಯೂಬು ಮತ್ತು ಬಸಿಯುವ ಕವಾಟಕ್ಕೆ ಇಂದು ಬೇಡಿಕೆ ಸಲ್ಲಿಸಿದ್ದೇನೆ. ವಾರಂಟಿಯ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಬಂದ ಮೇಲೆಯೇ ಕಾರ್ಡನ್ನು ಬಿಚ್ಚುತ್ತೇನೆ. ಅಲ್ಲಿಯವರೆಗೆ ಪ್ರೊಸೆಸರಿನ ಸುತ್ತನ್ನಷ್ಟೇ ಕಟ್ಟಿ, ನೀರಿನ ಉಷ್ಣತೆಯ ಅಂಕಿಗಳನ್ನು ಇಲ್ಲಿಯೇ ಬರೆಯುತ್ತೇನೆ.