ಮಗನಿಗೆ ಟಿವಿಯಲ್ಲಿ ಅವಕಾಶ ಬಂದಿದೆ ಅಂದ ಮಕಾಟಿಯ ಅಕ್ಕನಿಗೆ

ಅಕ್ಕಾ, ಮಗನಿಗೆ ಟಿವಿಯಲ್ಲಿ ಬಂದ ಅವಕಾಶ ಒಪ್ಪಿಕೊಳ್ಳಲಾ ಬೇಡವಾ ಅನ್ನೋ ನಿಮ್ಮ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಎರಡೇ ಥರದ ಉತ್ತರ ಬಂದಿದೆ. ಕೆಲವರು ಓದು ಹಾಳಾಗುತ್ತೆ, ಬೇಡ ಅಂದರು. ಇನ್ನು ಕೆಲವರು ಮನೆ ಬಾಗಿಲಿಗೆ ಬಂದ ಅವಕಾಶ ಬಿಡಬೇಡಿ ಅಂದರು. ನಾನೂ ನಿಮ್ಮ ಹಾಗೆ ಇಲ್ಲೇ ಫಿಲಿಪೀನ್ಸ್‌ನಲ್ಲಿ, ಕ್ವೆಜಾನ್ ಸಿಟಿಯಲ್ಲಿ ಇರುವವಳು, ಇಲ್ಲಿಯ ಟಿವಿಯನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ಹಾಗಾಗಿ ಇಲ್ಲಿಯವರೇ ಆದ ನಟ ಕಾರ್ಲೋ ಅಕಿನೊ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಿಮ್ಮ ಮಗನ ವಯಸ್ಸಿಗೇ ಕ್ಯಾಮೆರಾ ಮುಂದೆ ನಿಂತವರು ಅವರು.

ಹುಟ್ಟಿದ್ದು 1985ರಲ್ಲಿ. ಚಿಕ್ಕವರಿದ್ದಾಗ ಎಬಿಎಸ್-ಸಿಬಿಎನ್ ಚಾನೆಲ್‌ನ 'ಆಂಗ್ ಟಿವಿ' ಅನ್ನೋ ಮಕ್ಕಳ ಕಾರ್ಯಕ್ರಮದಲ್ಲಿ ಇದ್ದರು. 1998ರಲ್ಲಿ ನಟಿ ವಿಲ್ಮಾ ಸಾಂಟೋಸ್ ಅಭಿನಯಿಸಿದ 'ಬಾತಾ, ಬಾತಾ' ಸಿನಿಮಾದಲ್ಲಿ ಅವರ ಮಗನ ಪಾತ್ರ ಮಾಡಿದರು. ಇಬ್ಬರು ಗಂಡಸರಿಂದ ಒಂದೊಂದು ಮಗು ಪಡೆದು, ಕೆಲಸವನ್ನೂ ಮನೆಯನ್ನೂ ಒಬ್ಬಳೇ ತೂಗಿಸುವ ತಾಯಿಯ ಕಥೆ ಅದು. ಆ ವಯಸ್ಸಿನ ಹುಡುಗನಿಗೆ ಸುಲಭದ ಪಾತ್ರ ಅಲ್ಲ. ಈಗ ನೋಡಿದರೂ ಅವರ ಕಣ್ಣಲ್ಲಿ ನಟನೆ ಕಾಣಿಸುವುದಿಲ್ಲ, ಅಮ್ಮನ ಮೇಲೆ ಸಿಟ್ಟೂ ಪ್ರೀತಿಯೂ ಇರುವ ಹುಡುಗನೇ ಕಾಣಿಸುತ್ತಾನೆ.

ಅದೇ ಹೊತ್ತಿಗೆ ಜಾನ್ ಪ್ರಾಟ್ಸ್, ಸ್ಟೆಫಾನೊ ಮೋರಿ ಜೊತೆ ಸೇರಿ ಜೆಸಿಎಸ್ ಅನ್ನೋ ಬಾಯ್‌ಬ್ಯಾಂಡ್, ಅಂದರೆ ಹುಡುಗರ ಹಾಡಿನ ತಂಡ. ಮೂವರ ಹೆಸರಿನ ಮೊದಲಕ್ಷರ ಅದು. 1999ರಿಂದ 'ಜಿ-ಮಿಕ್' ಅನ್ನೋ ಹದಿಹರೆಯದವರ ಧಾರಾವಾಹಿ, ಅಲ್ಲಿ ಆಂಜೆಲಿಕಾ ಪಂಗಾನಿಬಾನ್ ಜೊತೆ ಜೋಡಿ. ಇಲ್ಲಿ ಇದಕ್ಕೆ ಲವ್ ಟೀಮ್ ಅನ್ನುತ್ತಾರೆ. ಎಳೆಯ ವಯಸ್ಸಿನ ಇಬ್ಬರನ್ನು ಜೋಡಿ ಮಾಡಿ, ಪರದೆ ಮೇಲೂ ಹೊರಗೂ ಜೋಡಿಯಾಗಿಯೇ ತೋರಿಸುವುದು. ನನಗೆ ಈ ಪದ್ಧತಿ ಒಂಚೂರೂ ಹಿಡಿಸುವುದಿಲ್ಲ. ನಿಮ್ಮ ಮಗ ಇನ್ನೂ ಚಿಕ್ಕವನು, ಆದರೆ ಕಾಂಟ್ರ್ಯಾಕ್ಟ್ ಉದ್ದಕ್ಕಿದ್ದರೆ ಆ ವಯಸ್ಸೂ ಅದರೊಳಗೇ ಬರುತ್ತದೆ ಅಲ್ವಾ.

'ಜಿ-ಮಿಕ್' 2002ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಲೋ ಧಾರಾವಾಹಿಗಳಲ್ಲಿ ಇದ್ದೇ ಇದ್ದರು, ಆದರೆ ಪೋಸ್ಟರಿನ ನಡುವಿನ ಮುಖ ಆಗಿರಲಿಲ್ಲ. ಮತ್ತೆ ಊರೆಲ್ಲ ಅವರ ಹೆಸರು ಆಡಿದ್ದು 2018ರಲ್ಲಿ, 33ನೇ ವಯಸ್ಸಿಗೆ. ಆ ವರ್ಷ ಬೆಲಾ ಪಡಿಲ್ಲಾ ಜೊತೆ ಒಂದು ಸಿನಿಮಾ, ಅದೇ ಹಳೆಯ ಜೋಡಿ ಆಂಜೆಲಿಕಾ ಜೊತೆ ಇನ್ನೊಂದು. ಮರುವರ್ಷ 'ಈಸಾ ಪಾ, ವಿತ್ ಫೀಲಿಂಗ್ಸ್'ನಲ್ಲಿ ಕಿವಿ ಕೇಳಿಸದ ಯುವಕನ ಪಾತ್ರ. ಮಾತೇ ಇಲ್ಲದೆ ಕೈಸನ್ನೆಯಲ್ಲೇ ಎಲ್ಲ ಹೇಳುತ್ತಾರೆ. ಇನ್ನೇನು ಕೊರಿಯಾದ 'ಸ್ಕ್ವಿಡ್ ಗೇಮ್' ಸರಣಿಯಲ್ಲಿ ನಟಿಸಲೂ ಹೋಗಬೇಕಿತ್ತು, ಕೋವಿಡ್ ಪ್ರಯಾಣ ನಿರ್ಬಂಧದಿಂದ ಅದು ಕೈ ತಪ್ಪಿತು. 2020ರಲ್ಲೇ ಎಬಿಎಸ್-ಸಿಬಿಎನ್‌ಗೆ ಪರವಾನಗಿ ಸಿಗದೆ ಪ್ರಸಾರ ನಿಂತಿತು. ಬಾಲ್ಯದಿಂದ ಕೆಲಸ ಕೊಟ್ಟ ಚಾನೆಲ್ಲೇ ಗಾಳಿಯಿಂದ ಮಾಯ!

ನಾನು ಹೇಳಬೇಕೆಂದಿದ್ದು ಆ ಮಧ್ಯದ ವರ್ಷಗಳ ಬಗ್ಗೆ. ನಮಗೆ ಬಾಲನಟ ಅಂದರೆ ತಕ್ಷಣ ಅಪ್ಪು ನೆನಪಾಗುತ್ತಾರೆ. 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ, ಆಮೇಲೆ 2002ರಲ್ಲಿ ನಾಯಕ. ನಡುವೆ ಬಿಡುವಿದ್ದರೂ ಬೆನ್ನಿಗೆ ಅಣ್ಣಾವ್ರ ಮನೆ ಇತ್ತು. ನಮ್ಮ ನಿಮ್ಮ ಮಕ್ಕಳಿಗೆ ಹಾಗಿಲ್ಲ. 16ಕ್ಕೆ ದನಿ ಒಡೆದು, ಮುಖ ಬದಲಾಗಿ, ಫೋನ್ ಬರುವುದು ನಿಂತಾಗ ಆ ಹುಡುಗನಿಗೆ ಒಂದು ಶಾಲೆ, ನಾಲ್ಕು ಗೆಳೆಯರು, ತನ್ನದೇ ದುಡ್ಡು ಇರಬೇಕು.

ದುಡ್ಡಿನ ವಿಷಯದಲ್ಲಿ ಇಲ್ಲಿಯ ಕಾನೂನು ಚೆನ್ನಾಗಿದೆ. 2003ರ ರಿಪಬ್ಲಿಕ್ ಆ್ಯಕ್ಟ್ 9231 ಓದಿ. 15 ತುಂಬದ ಮಗು ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ರಾತ್ರಿ 8ರಿಂದ ಬೆಳಗ್ಗೆ 6ರವರೆಗೆ ಕೂಡದು. ಕಾರ್ಮಿಕ ಇಲಾಖೆಯ ಪರ್ಮಿಟ್ ಮೊದಲೇ ತೆಗೆದುಕೊಳ್ಳಬೇಕು. ಸಂಪಾದನೆ ಮಗುವಿನದು, ಮನೆ ಖರ್ಚಿಗೆ 20% ಮೀರಿ ಮುಟ್ಟುವಂತಿಲ್ಲ. ವರ್ಷಕ್ಕೆ 2 ಲಕ್ಷ ಪೆಸೊ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕನಿಷ್ಠ 30% ಟ್ರಸ್ಟ್ ಖಾತೆಗೆ ಹಾಕಬೇಕು, 18 ತುಂಬಿದ ಮೇಲೆ ಅದು ಅವನ ಕೈಗೆ. ನಮ್ಮ ದೇಶದಲ್ಲೂ 2017ರ ನಿಯಮದ ಪ್ರಕಾರ ಸಂಪಾದನೆಯ ಕನಿಷ್ಠ 20% ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಸೆಟ್ ಹೇಗಿರುತ್ತೆ ಅಂತಲೂ ಕೇಳಿದ್ದಿರಿ. ಪಕ್ಕದ ಮನೆಯ ಹುಡುಗನ ಬಿಸ್ಕತ್ ಜಾಹೀರಾತಿಗೆ ಅವನ ಅಮ್ಮನ ಜೊತೆ ಹೋಗಿದ್ದೆ. ಕಚ್ಚಬೇಕು, ನಗಬೇಕು, ಕಟ್ ಅಂದ ಕೂಡಲೇ ಪ್ಲಾಸ್ಟಿಕ್ ಲೋಟಕ್ಕೆ ಉಗುಳಬೇಕು, ಬಾಯಿ ಒರೆಸಿಕೊಂಡು ಮತ್ತೆ ಕಚ್ಚಬೇಕು. ಮಧ್ಯಾಹ್ನದ ಹೊತ್ತಿಗೆ ಆ ಲೋಟ ತುಂಬಿತ್ತು. ಅವನು ಅಳಲಿಲ್ಲ, ಆದರೆ ಊಟಕ್ಕೆ ಕರೆದಾಗ ಏನೂ ಬೇಡ ಅಂದ. ಅವನ ಅಮ್ಮ ಇವತ್ತಿಗೆ ಸಾಕು ಅಂತ ಗಟ್ಟಿಯಾಗಿ ಹೇಳಿದ್ದರಿಂದ ನಿಲ್ಲಿಸಿದರು. ಹಾಗೆ ಹೇಳುವವರು ಸೆಟ್‌ನಲ್ಲಿ ಇರಲೇಬೇಕು. ಸಹಾಯದವಳ ಜೊತೆ ಮಗುವನ್ನು ಕಳಿಸಿಬಿಡಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಜಾಹೀರಾತು ಮಾಡಲಿ. ಬೇಸಿಗೆ ರಜೆಯಲ್ಲಿ, ಅವನಿಗೇ ಇಷ್ಟ ಇದ್ದರೆ. ಆದರೆ ಏಜೆನ್ಸಿಯ ಜೊತೆ ವರ್ಷಗಟ್ಟಲೆ ಕಾಂಟ್ರ್ಯಾಕ್ಟಿಗೆ ಈಗಲೇ ಸಹಿ ಹಾಕಬೇಡಿ. ನಮ್ಮಂಥ ವೀಸಾದವರ ಮಕ್ಕಳಿಗೆ ಬೇರೆ ಏನೇನು ಕಾಗದ ಬೇಕು ಅನ್ನುವುದನ್ನು ಅವರಿಂದಲೇ ಬರೆಸಿಕೊಳ್ಳಿ. ಅವರು ಕೊಟ್ಟ ಕರಡಿನಲ್ಲಿ ಎಷ್ಟು ವರ್ಷ ಅಂತ ಇದೆ, ನಡುವೆ ಬಿಟ್ಟರೆ ದಂಡ ಇದೆಯಾ? ನೋಡಿ ತಿಳಿಸಿ ಅಕ್ಕಾ, ಗುಂಪಿನಲ್ಲಿ ವಕೀಲರೂ ಇದ್ದಾರೆ.